ಅಪೂರ್ಣ ದಾಖಲೆಗಳು

ಬೆಳಗಿನ ನಾಲ್ಕೂವರೆಯಿಂದ ಆರರವರೆಗೆ ನಮ್ಮ ಅಡುಗೆಮನೆಯ ಕಟ್ಟೆಯೇ ನನ್ನ ಓದುವ ಮೇಜು. ಆಮೇಲೆ ಅಲ್ಲಿ ಮಗನ ಡಬ್ಬಿಯ ಚಪಾತಿ ಲಟ್ಟಿಸಬೇಕು. ಹುಬ್ಬಳ್ಳಿಯಲ್ಲಿ ನಳ ಬಂದ ದಿನ ಆ ಒಂದೂವರೆ ತಾಸೂ ಇಲ್ಲ, ಕೊಡ ಬಕೆಟ್ಟು ತುಂಬುವುದರಲ್ಲೇ ಬೆಳಗಾಗುತ್ತದೆ.

ನಾನು ಓದುತ್ತಿರುವುದು ಸಿ.ಎ. ಫೌಂಡೇಶನ್ ಪರೀಕ್ಷೆಗೆ. ಪಿಯುಸಿ ಮುಗಿಸಿದ ಮಕ್ಕಳು ಬರೆಯುವ ಪರೀಕ್ಷೆ ಇದು, ನನಗೆ ಮೂವತ್ತೈದು. ವಾಣಿಜ್ಯ ಬಿಟ್ಟು ಬೇರೆ ಪದವಿ ಓದಿದವರಿಗೆ ಶೇ. 60 ಅಂಕವಿದ್ದರೆ ಈ ಮೊದಲ ಮೆಟ್ಟಿಲಿನಿಂದ ವಿನಾಯಿತಿ ಸಿಗುತ್ತದೆ. ನನ್ನ ಬಿ.ಎ.ಯಲ್ಲಿ ಬಂದದ್ದು 57. ಹಾಗಾಗಿ ಕೆಳಗಿನಿಂದಲೇ ಹತ್ತಬೇಕು. ನಾಲ್ಕು ಪತ್ರಿಕೆ, ಒಂದೊಂದಕ್ಕೆ 100 ಅಂಕ. ಪ್ರತಿಯೊಂದರಲ್ಲೂ ಕನಿಷ್ಠ 40, ಒಟ್ಟಾರೆ ಶೇ. 50 ಬರಬೇಕು. ಉತ್ತರ ಬರೆಯಬಹುದಾದ ಭಾಷೆ ಇಂಗ್ಲಿಷ್ ಅಥವಾ ಹಿಂದಿ. ಬಿ.ಎ.ಯಲ್ಲಿ ಐಚ್ಛಿಕ ಕನ್ನಡ ಓದಿದ ನನಗೆ ಎರಡೂ ಪರವೂರೇ. ಕೋಚಿಂಗಿಗೆ ಹೋಗಲು ಹೊತ್ತೂ ಇರಲಿಲ್ಲ, ದುಡ್ಡೂ ಇರಲಿಲ್ಲ. ಸಂಸ್ಥೆಯ ಪುಸ್ತಕ, 12 ಅಂಕಿಯ ಒಂದು ಸಾದಾ ಕ್ಯಾಲ್ಕುಲೇಟರ್, ಮಗ ಅರ್ಧ ಬರೆದು ಬಿಟ್ಟ ನೋಟ್‌ಬುಕ್ಕುಗಳು, ಇಷ್ಟೇ ನನ್ನ ಬಂಡವಾಳ.

ಮೊದಲ ಪೆಟ್ಟು ಬಿದ್ದದ್ದು ಡೆಬಿಟ್, ಕ್ರೆಡಿಟ್‌ಗಳಿಂದ. ನಗದು ಕೈಗೆ ಬಂದರೆ ನಗದು ಖಾತೆಗೆ ಡೆಬಿಟ್ ಮಾಡಬೇಕು ಎನ್ನುತ್ತದೆ ಪುಸ್ತಕ. ಆದರೆ ನಾನು ರಾಣೆಬೆನ್ನೂರಿನ ಕಿರಾಣಿ ಅಂಗಡಿಯ ಮಗಳು. ಅಪ್ಪನ ಕಿರ್ದಿಯಲ್ಲಿ ಬಂದ ದುಡ್ಡೆಲ್ಲ ‘ಜಮಾ’. ಬ್ಯಾಂಕಿನ ಪಾಸ್‌ಬುಕ್ಕಿನಲ್ಲೂ ನಾವು ಕಟ್ಟಿದ ಹಣ ಜಮಾ, ಅಂದರೆ ಕ್ರೆಡಿಟ್. ಇಲ್ಲಿ ಮಾತ್ರ ಯಾಕೆ ತಿರುಗುಮುರುಗು? ಮೂರು ವಾರ ಬಾಯಿಪಾಠ ಮಾಡಿದೆ, ಮರೆತೆ, ಮತ್ತೆ ಬಾಯಿಪಾಠ ಮಾಡಿದೆ. ಒಂದು ದಿನ ಅಕ್ಕಿ ತೊಳೆಯುತ್ತಿದ್ದಾಗ ಹೊಳೆಯಿತು: ಪುಸ್ತಕ ಯಾರದು ಎಂದು ನಾನು ಕೇಳಿಕೊಂಡೇ ಇರಲಿಲ್ಲ. ನಾನಿಟ್ಟ ಹಣ ನನಗೆ ಆಸ್ತಿ, ಬ್ಯಾಂಕಿಗೆ ಸಾಲ. ಅವರ ಪುಸ್ತಕದಲ್ಲಿ ಅದು ಕ್ರೆಡಿಟ್, ನನ್ನ ಪುಸ್ತಕದಲ್ಲಿ ಡೆಬಿಟ್. ಅಪ್ಪನ ಕಿರ್ದಿಯಲ್ಲಿ ಜಮಾ ಆಗುತ್ತಿದ್ದುದೂ ಹಣ ಕೊಟ್ಟವನ ಹೆಸರಿಗೆ. ಜೋಡಿ ನಮೂದು ಪದ್ಧತಿಯನ್ನು ಲೂಕಾ ಪಾಚೋಲಿ ಎಂಬ ಇಟಲಿಯ ಸನ್ಯಾಸಿ 1494ರಲ್ಲಿ ವೆನಿಸ್‌ನಲ್ಲಿ ಅಚ್ಚಾದ ತನ್ನ ಗಣಿತದ ಪುಸ್ತಕದಲ್ಲಿ ವಿವರಿಸಿದ್ದನಂತೆ. ಐನೂರು ವರ್ಷ ತಡವಾಗಿ ಅದು ನಮ್ಮ ಅಡುಗೆಮನೆಗೆ ಬಂತು.

ಅಷ್ಟು ತಿಳಿದರೂ ಮೊದಲ ಸಲ ಲೆಕ್ಕಶಾಸ್ತ್ರದಲ್ಲಿ ಬಂದದ್ದು 34. ಫಲಿತಾಂಶದ ದಿನ ಮನೆಯಲ್ಲಿ ಯಾರೂ ಏನೂ ಅನ್ನಲಿಲ್ಲ. ಅದೇ ಹೆಚ್ಚು ಚುಚ್ಚಿತು. ಕೈಕೊಟ್ಟದ್ದು ‘ಅಪೂರ್ಣ ದಾಖಲೆಗಳಿಂದ ಲೆಕ್ಕ’ ಎಂಬ ಅಧ್ಯಾಯ. ವ್ಯಾಪಾರಿ ಸರಿಯಾಗಿ ಪುಸ್ತಕ ಇಟ್ಟಿಲ್ಲ, ಸಿಕ್ಕ ಚೂರುಪಾರು ಮಾಹಿತಿಯಿಂದ ಲಾಭವನ್ನು ಹುಡುಕಿ ತೆಗೆಯಬೇಕು. ಎರಡನೇ ಸಲ ಅದನ್ನು ಓದುವಾಗ ಆ ವ್ಯಾಪಾರಿ ಯಾರೆಂದು ನನಗೆ ಗೊತ್ತಾಯಿತು.

ಅಪ್ಪನ ಅಂಗಡಿ ಮುಚ್ಚಿದ್ದು 2012ರಲ್ಲಿ, ನನ್ನ ಮದುವೆಯಾದ ಐದು ತಿಂಗಳಿಗೆ. ‘ಮಗಳ ಮದುವಿ ಮಾಡಿ ಅಂಗಡಿ ಕಳಕೊಂಡ’ ಎಂದು ಬಂಧುಗಳು ಆಡಿಕೊಂಡರು. ಅಪ್ಪ ಹೌದೆನ್ನಲಿಲ್ಲ, ಅಲ್ಲವೆನ್ನಲೂ ಇಲ್ಲ. ಆ ಮಾತನ್ನು ನಾನು ಹದಿಮೂರು ವರ್ಷ ಕೊರಳಿನ ಬಂಗಾರದ ಜೊತೆಗೇ ಹೊತ್ತುಕೊಂಡಿದ್ದೆ.

ಶ್ರಾವಣದಲ್ಲಿ ತವರಿಗೆ ಹೋದಾಗ ಅಟ್ಟದ ಮೇಲಿಂದ ಕಿರ್ದಿ ಪುಸ್ತಕಗಳನ್ನು ಇಳಿಸಿದೆ. ಪ್ರತಿ ದೀಪಾವಳಿಗೆ ಹೊಸ ಕಿರ್ದಿಗೆ ಪೂಜೆ ಮಾಡಿ ಮೊದಲ ಪುಟದಲ್ಲಿ ಅಪ್ಪ ನಾಲ್ಕು ಸಾಲು ಬರೆಯುತ್ತಿದ್ದ: ಮಾಲು ಅಂದಾಜು, ಉದ್ರಿ ಬರಬೇಕಾದ್ದು, ಕೈಶಿಲ್ಕು, ಮಂಡಿಯವರಿಗೆ ಕೊಡಬೇಕಾದ್ದು. ಪರೀಕ್ಷೆಗೆ ಬೇಕಾದದ್ದೂ ಅದೇ. 2009ರ ದೀಪಾವಳಿಗೆ ಮಾಲು 1,10,000, ಉದ್ರಿ 74,000, ಶಿಲ್ಕು 6,000, ಸಾಲ 62,000. ಅಂದರೆ ಬಂಡವಾಳ 1,28,000. ಮರುವರ್ಷ ಮಾಲು 78,000, ಉದ್ರಿ 1,31,000, ಶಿಲ್ಕು 4,000, ಸಾಲ 1,05,000. ಬಂಡವಾಳ 1,08,000ಕ್ಕೆ ಇಳಿದಿತ್ತು.

ಒಂದು ಅಂಕಿ ಮಾತ್ರ ಎಲ್ಲೂ ಇರಲಿಲ್ಲ. ಅಂಗಡಿಯಿಂದ ಮನೆಗೆಂದು ತಂದದ್ದೆಷ್ಟು? ಮಾಲೀಕ ಬೇರೆ, ವ್ಯಾಪಾರ ಬೇರೆ ಎಂಬುದು ಲೆಕ್ಕಶಾಸ್ತ್ರದ ಮೊದಲ ಪಾಠ. ಅಪ್ಪನಿಗೆ ಅಂಗಡಿಯ ಗಲ್ಲೆಯೂ ಅಂಗಿಯ ಕಿಸೆಯೂ ಒಂದೇ ಆಗಿದ್ದವು.

ಅವ್ವನನ್ನು ಕೇಳಿದೆ. ಕಾಳು ಹಸನು ಮಾಡುತ್ತಿದ್ದವಳು ತಲೆ ಎತ್ತದೆ ಹೇಳತೊಡಗಿದಳು. ತಿಂಗಳಿಗೆ ಇಷ್ಟು ಕಿಲೋ ಜೋಳ, ಇಷ್ಟು ಅಕ್ಕಿ, ಇಷ್ಟು ಎಣ್ಣೆ, ಬೆಲ್ಲ, ನಿನ್ನ ಕಾಲೇಜಿನ ಬಸ್ ಪಾಸು, ನಿನ್ನ ಅಜ್ಜನ ಗುಳಿಗೆ. ಆಗಿನ ದರವನ್ನೂ ಅವಳೇ ಹೇಳಿದಳು. ಕೂಡಿಸಿದರೆ ತಿಂಗಳಿಗೆ ಸುಮಾರು 5,000. ಯಾವ ಪುಸ್ತಕದಲ್ಲೂ ಇಲ್ಲದ ಖಾತೆಯೊಂದನ್ನು ಇಷ್ಟು ವರ್ಷ ಅವಳು ತಲೆಯಲ್ಲೇ ಇಟ್ಟುಕೊಂಡಿದ್ದಳು.

ವರ್ಷಕ್ಕೆ 60,000 ಮನೆಬಳಕೆ. ಕೊನೆಯ ಬಂಡವಾಳಕ್ಕೆ ಅದನ್ನು ಕೂಡಿಸಿ ಮೊದಲಿನ ಬಂಡವಾಳ ಕಳೆದರೆ ಲಾಭ 40,000. ಬಂದ ಲಾಭಕ್ಕಿಂತ ಇಪ್ಪತ್ತು ಸಾವಿರ ಹೆಚ್ಚು ತಿಂದಿದ್ದೆವು. ಆ ಲಾಭವಾದರೂ ನಿಜವೇ? ಉದ್ರಿ ಪುಸ್ತಕದ ಹೆಸರುಗಳನ್ನು ಅವ್ವನ ಎದುರು ಓದಿದೆ. ಊರು ಬಿಟ್ಟವರು, ತೀರಿಕೊಂಡವರು, ಕೊನೆಗೂ ಕೊಡದವರು, ಎಲ್ಲ ಸೇರಿ 65,000. ಅದನ್ನು ಮುಳುಗಿದ ಸಾಲವೆಂದು ಬರೆದರೆ ಆ ವರ್ಷ 25,000 ನಷ್ಟ. ನನ್ನ ಮದುವೆಗೆ ಇನ್ನೂ ಒಂದೂವರೆ ವರ್ಷವಿತ್ತು.

ರಾತ್ರಿ ಊಟವಾದ ಮೇಲೆ ಅಪ್ಪನಿಗೆ ತೋರಿಸಿದೆ. ಕನ್ನಡಕ ಹಾಕಿಕೊಂಡು ಬಹಳ ಹೊತ್ತು ನೋಡಿದ.

“ಬರಂಗಿಲ್ಲ ಅಂತ ಗೊತ್ತಿದ್ರೂ ಇವರ ಹೆಸರಿಗೆ ಗೆರಿ ಯಾಕ ಎಳೀಲಿಲ್ಲ ಅಪ್ಪಾ?”

“ಗೆರಿ ಎಳದ್ರ ನಾನ ಅವರನ್ನ ಕೈ ಬಿಟ್ಟಂಗ ಆಗ್ತಿತ್ತವ್ವ.”

ಸ್ವಲ್ಪ ಹೊತ್ತು ಬಿಟ್ಟು ಅವನೇ ಹೇಳಿದ: “ನಿನ್ನ ಮದುವಿಯಿಂದ ಮುಳುಗಿಲ್ಲ ಅಂತ ನನಗ ಗೊತ್ತಿತ್ತು. ಮಂದಿ ಹಂಗಂದಾಗ ಸುಮ್ಮನಿದ್ದೆ. ವ್ಯಾಪಾರ ಬರಂಗಿಲ್ಲ ಅನ್ನಿಸಿಕೊಳ್ಳೂದಕ್ಕಿಂತ ಅದ ಚಲೋ ಇತ್ತು.”

ನನಗೆ ಸಿಟ್ಟು ಬಂತು. ಹದಿಮೂರು ವರ್ಷ ನಾನು ಹೊತ್ತದ್ದು ಅವನ ಮರ್ಯಾದೆಯ ಖರ್ಚಾಗಿತ್ತು. ಆದರೆ ಅವನ ಕೈ ಆ ಹಾಳೆಯ ಮೇಲೆ ಸಣ್ಣಗೆ ನಡುಗುತ್ತಿತ್ತು. ಏನೂ ಅನ್ನಲಾಗಲಿಲ್ಲ. ಅವ್ವ ಒಳಗಿನಿಂದಲೇ, “ಈಗರ ಬಾಯಿ ಬಿಟ್ರಲ್ಲ,” ಅಂದಳು.

ಈಗ ಈ ಪರೀಕ್ಷೆ ವರ್ಷಕ್ಕೆ ಮೂರು ಸಲ ನಡೆಯುತ್ತದೆ. ಮುಂದಿನದು ಜನವರಿಯಲ್ಲಿ. ಪಾಸಾಗುತ್ತೇನೋ ಇಲ್ಲವೋ, ಆ ಅಧ್ಯಾಯದ ಲೆಕ್ಕಗಳಿಗೆ ಮಾತ್ರ ಈಗ ಹೆದರುವುದಿಲ್ಲ. ಪ್ರಶ್ನೆಯಲ್ಲಿ ‘ಮಾಲೀಕರ ಮನೆಬಳಕೆಯ ವಿವರ ಲಭ್ಯವಿಲ್ಲ’ ಎಂದಿದ್ದರೆ, ಆ ವಿವರ ಗೊತ್ತಿರುವವರು ಆ ಮನೆಯಲ್ಲಿ ಒಬ್ಬರಾದರೂ ಇದ್ದೇ ಇರುತ್ತಾರೆ, ಯಾರೂ ಕೇಳಿಲ್ಲ ಅಷ್ಟೆ ಎಂದುಕೊಂಡು ಲೆಕ್ಕಕ್ಕೆ ಕೈ ಹಾಕುತ್ತೇನೆ.

ನಾಳೆ ಪಾಲುದಾರಿಕೆಯ ಅಧ್ಯಾಯ. ನಳ ಬಾರದಿರಲಿ.