ನಕ್ಷತ್ರಿಕನಿಗೊಂದು ಮಣೆ

ಸಾಲ ಮಾಡಿದವನ ಬೆನ್ನು ಬಿಡದೆ ಕಾಡುವವನನ್ನು ನಮ್ಮ ಸೀಮೆಯಲ್ಲಿ 'ನಕ್ಷತ್ರಿಕ' ಎನ್ನುವುದುಂಟು. ರಾಘವಾಂಕನ ಹೆಸರನ್ನೇ ಕೇಳದ ದಾವಣಗೆರೆಯ ಮಂಡಿಪೇಟೆಯ ಹಮಾಲಿಯೂ ಈ ಮಾತನ್ನು ಸಲೀಸಾಗಿ ಆಡುತ್ತಾನೆ. ಹರಿಶ್ಚಂದ್ರನ ನಾಟಕವನ್ನು ಊರೂರಿಗೆ ಒಯ್ದ ಕಂಪನಿಗಳಿಗೆ ಇದರ ಶ್ರೇಯಸ್ಸು ಸಲ್ಲಬೇಕು. ಆದರೆ ಆ ಹೆಸರಿಗೆ ಅಳಿಸಲಾಗದ ಮುಖವೊಂದನ್ನು ಕೊಟ್ಟವರು ಟಿ. ಆರ್. ನರಸಿಂಹರಾಜು ಅವರೇ ಸರಿ.

ತಿಪಟೂರಿನಲ್ಲಿ 1923ರಲ್ಲಿ ಜನಿಸಿ, ವೃತ್ತಿರಂಗಭೂಮಿಯಲ್ಲಿ ಪಳಗಿ, 1954ರ 'ಬೇಡರ ಕಣ್ಣಪ್ಪ'ದಿಂದ ಬೆಳ್ಳಿತೆರೆಗೆ ಬಂದ ಈ ನಟ 1979ರಲ್ಲಿ ತೀರಿಕೊಂಡರು. ಸಣಕಲು ದೇಹ, ಮುಂದೆ ಚಾಚಿದ ಹಲ್ಲು. ವಿಧಿ ಕೊಟ್ಟ ಈ ಬಂಡವಾಳವನ್ನು ಅವರಷ್ಟು ಚೆನ್ನಾಗಿ ದುಡಿಸಿಕೊಂಡವರು ವಿರಳ. ಹುಣಸೂರು ಕೃಷ್ಣಮೂರ್ತಿಯವರು ನಿರ್ದೇಶಿಸಿದ 1965ರ 'ಸತ್ಯ ಹರಿಶ್ಚಂದ್ರ'ದಲ್ಲಿ ರಾಜಕುಮಾರ್ ಅವರ ರಾಜನ ಹಿಂದೆ ಸಾಲವಸೂಲಿಗೆ ಹೊರಟ ನರಸಿಂಹರಾಜುಗಳನ್ನು ನೋಡಬೇಕು! ಕಾಡುವವನೇ ಬಸವಳಿದು ಗೊಣಗುತ್ತಾನೆ, ಕಾಡಿಸಿಕೊಳ್ಳುವವನು ಶಾಂತನಾಗಿರುತ್ತಾನೆ. ನೋಡುವವರ ನಗೆಯನ್ನೆಲ್ಲ ವಿದೂಷಕನು ತನ್ನ ಮೇಲೆ ಎಳೆದುಕೊಳ್ಳುವುದರಿಂದ, ಹೆಂಡತಿ ಮಕ್ಕಳನ್ನು ಮಾರುವ ದುರ್ಗತಿಗಿಳಿದ ದೊರೆಯ ಮಾನಕ್ಕೆ ಎಳ್ಳಷ್ಟೂ ಕುಂದು ಬರುವುದಿಲ್ಲ. ಸಾಲಗಾರನನ್ನು ನೋಡಿ ನಗುವುದು ಸುಲಭ. ನರಸಿಂಹರಾಜು ಆ ಸುಲಭದ ದಾರಿಯನ್ನು ಹಿಡಿಯಲಿಲ್ಲ.

ಇದರ ಬೆಲೆ ನನಗೆ ತಿಳಿದದ್ದು ಹರಿಹರದ ನಮ್ಮ ಮನೆಯಲ್ಲಿ. 1999ರ ಸುಮಾರು. ಅಕ್ಕನ ಮದುವೆಗೆಂದು ಅಪ್ಪ ಬಡ್ಡಿಸಾಲ ತಂದಿದ್ದರು. ಸಾಹುಕಾರರ ಆಳು ದಿನವೂ ಸಂಜೆ ಸೈಕಲ್ ಒರಗಿಸಿ, ಹೊಸ್ತಿಲಾಚೆ ನಿಂತು, ಓಣಿಗೆಲ್ಲ ಕೇಳುವಂತೆ ಕೂಗುತ್ತಿದ್ದ. ಅಪ್ಪ ಓಣಿಯಲ್ಲಿ ತಲೆಯೆತ್ತಿ ನಡೆಯುವುದನ್ನೇ ಬಿಟ್ಟಿದ್ದರು. ಒಂದು ಭಾನುವಾರ ದೂರದರ್ಶನದಲ್ಲಿ ಈ ಚಿತ್ರ ಬಂತು. ನಕ್ಷತ್ರಿಕನ ಪ್ರಸಂಗ ಬಂದಾಗ ಅಪ್ಪ ಮೊದಲು ಮುಗುಳ್ನಕ್ಕರು, ಆಮೇಲೆ ಕಣ್ಣಲ್ಲಿ ನೀರು ಬರುವಷ್ಟು ನಕ್ಕರು. ಅವ್ವ ಟಿ.ವಿ.ಯನ್ನು ಬಿಟ್ಟು ಅವರನ್ನೇ ನೋಡುತ್ತ ಕುಳಿತಿದ್ದಳು.

ಮರುದಿನ ಆಳು ಬಂದ. "ಬರ್ರಿ ನಕ್ಷತ್ರಿಕಪ್ಪಾರ, ಒಳಗ ಬಂದು ಕುಂದರ್ರಿ" ಎಂದು ಅಪ್ಪ ಮಣೆ ಹಾಕಿದರು. ಚಿತ್ರವನ್ನು ಅವನೂ ನೋಡಿದ್ದನೋ ಏನೋ, ಫಕ್ಕನೆ ನಕ್ಕುಬಿಟ್ಟ. ಚಹಾ ಕುಡಿಯುತ್ತ, "ನಂದೂ ಎರಡು ತಿಂಗಳ ಪಗಾರ ಬಂದಿಲ್ರಿ ಯಜಮಾನ್ರ" ಎಂದ. ಸಾಲವೇನೋ ಒಂದು ರೂಪಾಯಿಯೂ ಕಡಿಮೆಯಾಗಲಿಲ್ಲ. ತೀರಲು ಮತ್ತೆರಡು ವರ್ಷ ಹಿಡಿಯಿತು. ಆದರೆ ಆ ಕೂಗು ಮಾತ್ರ ಅಂದಿಗೆ ನಿಂತಿತು.

ಈಗ ದಾವಣಗೆರೆಯ ತರಗತಿಯಲ್ಲಿ 'ಹರಿಶ್ಚಂದ್ರ ಕಾವ್ಯ'ವನ್ನು ಪಾಠ ಹೇಳುತ್ತೇನೆ. ಆನೆಯ ಮೇಲೆ ನಿಂತು ಚಿಮ್ಮಿದ ಕವಡೆ ಏರುವಷ್ಟೆತ್ತರದ ಹೊನ್ನಿನ ರಾಶಿ ಎಂಬ ಆ ಸಾಲದ ಲೆಕ್ಕ ಕೇಳಿ ಹುಡುಗರು ನಗುತ್ತಾರೆ. ಕಳೆದ ವರ್ಷ ನಗದೆ ಕುಳಿತವನೊಬ್ಬ ತರಗತಿ ಮುಗಿದ ಮೇಲೆ ತನ್ನ ಮೊಬೈಲನ್ನು ನನ್ನ ಮುಂದಿಟ್ಟ. ಯಾವುದೋ ಸಾಲದ ಆ್ಯಪಿನವರ ಕರೆಗಳು, ಒಂದೇ ಬೆಳಿಗ್ಗೆ ಮೂವತ್ತು. ಬೆದರಿಕೆಯ ಸಂದೇಶಗಳು ಬೇರೆ. ಸಾಲ ಅವನ ತಂದೆಯದು. ಪೊಲೀಸರಿಗೆ ದೂರು ಕೊಡುವ ಬಗೆಯನ್ನು ವಿವರಿಸಿ, ಠಾಣೆಗೆ ಜೊತೆಯಲ್ಲಿ ಬರುವೆನೆಂದೂ ಹೇಳಿದೆ. ಮುಖವಿಲ್ಲದ ಈ ನಕ್ಷತ್ರಿಕನಿಗೆ ಮಣೆ ಹಾಕುವುದಾದರೂ ಎಲ್ಲಿ?

ಹೊರಡುವಾಗ ಹುಡುಗ ಬಾಗಿಲಲ್ಲಿ ನಿಂತು, "ಆ ಸಿನಿಮಾ ಸಿಗುತ್ತದೆಯೆ ಸರ್?" ಎಂದು ಕೇಳಿದ. 2008ರಲ್ಲಿ ಅದಕ್ಕೆ ಬಣ್ಣ ತುಂಬಿ ಮತ್ತೆ ಬಿಡುಗಡೆ ಮಾಡಿದ್ದರೆಂದು ತಿಳಿಸಿದೆ.

"ಬಣ್ಣ ಬೇಡ ಸರ್, ಅಪ್ಪನಿಗೆ ಹಳೆಯದೇ ಇಷ್ಟ" ಎಂದ.