ಕರೆಂಟ್ ಕಥೆ – ಭಾಗ 6: ಕೆಪಾಸಿಟರ್ ಉಬ್ಬಿದ್ದು ಯಾಕೆ?

ಮೊದಲ ಫೋಟೋದಲ್ಲಿರುವ ಅಲೆ ನೋಡಿ ಮಾರಾಯ್ರೆ. ನುಣ್ಣಗೆ ಏರಿ ಇಳಿಯಬೇಕಾದ ಕರೆಂಟು, ಮೆಟ್ಟಿಲು ಕಡಿದ ಹಾಗೆ ಉಂಟು ಅಲ್ವಾ? ಇಂಡಕ್ಷನ್ ಫರ್ನೇಸ್ ಕರೆಂಟು ಎಳೆಯುವುದು ಹೀಗೆ.

ಫರ್ನೇಸಿನ ಪ್ಯಾನೆಲ್ ಮೊದಲು 50 ಹರ್ಟ್ಸ್ ಕರೆಂಟನ್ನು ಡಿಸಿ ಮಾಡ್ತದೆ, ಆಮೇಲೆ ಹೆಚ್ಚಿನ ಫ್ರೀಕ್ವೆನ್ಸಿಗೆ ಬದಲಿಸಿ ಕಾಯಿಲಿಗೆ ಕೊಡ್ತದೆ. ಡಿಸಿ ಮಾಡುವುದು 6-ಪಲ್ಸ್ ರೆಕ್ಟಿಫೈಯರ್ ಆದರೆ 5, 7, 11, 13ನೇ ಹಾರ್ಮೋನಿಕ್ಸ್ ಗ್ಯಾರಂಟಿ. ಅಂದ್ರೆ 250, 350, 550, 650 ಹರ್ಟ್ಸ್. ಇಷ್ಟು ನಮ್ಮ ಟೆಕ್ಸ್ಟ್‌ಬುಕ್ಕಲ್ಲೇ ಉಂಟು.

ಬುಕ್ಕಲ್ಲಿ ಇಲ್ಲದ್ದನ್ನು ನಾನು ನೋಡಿದ್ದು ಬೈಕಂಪಾಡಿ ಕಡೆಯ ಒಂದು ಫೌಂಡ್ರಿಯಲ್ಲಿ, ಇಂಟರ್ನ್‌ಶಿಪ್ ಸಮಯದಲ್ಲಿ. ಕೆಪಾಸಿಟರ್‌ಗಳು ಕೆಲವೇ ತಿಂಗಳಲ್ಲಿ ಉಬ್ಬಿ ಹೋಗ್ತಿದ್ದವು. ಎಲ್ಲರೂ ಬೈತಿದ್ದದ್ದು ಕಂಪನಿಗೆ. ಅಲ್ಲಿಯ ಎಲೆಕ್ಟ್ರಿಷಿಯನ್ ಅಣ್ಣ ಮಾತ್ರ ಹೇಳಿದ್ರು, "ಫರ್ನೇಸ್ ಸ್ಟಾರ್ಟ್ ಆದ ಕೂಡಲೇ ಇದಕ್ಕೆ ಜ್ವರ ಬರ್ತದೆ." ಕಿವಿಗೊಟ್ಟರೆ ಪ್ಯಾನೆಲ್ ಗುಂಯ್‌ಗುಡುವುದು ಕೇಳ್ತಿತ್ತು.

ಒಂದು ಲೆಕ್ಕ ಹಾಕುವ (ಎರಡನೇ ಫೋಟೋ). 1000 ಕೆವಿಎ ಟ್ರಾನ್ಸ್‌ಫಾರ್ಮರ್, ಇಂಪೀಡೆನ್ಸ್ 5%. ಶಾರ್ಟ್ ಸರ್ಕ್ಯೂಟ್ ಸಾಮರ್ಥ್ಯ 20,000 ಕೆವಿಎ. ಪವರ್ ಫ್ಯಾಕ್ಟರ್ ಸರ್‌ಚಾರ್ಜ್ ತಪ್ಪಿಸ್ಲಿಕ್ಕೆ 400 ಕೆವಿಎಆರ್ ಕೆಪಾಸಿಟರ್ ಹಾಕಿದ್ರು ಅಂತ ಇಟ್ಕೊಳ್ಳಿ. 20,000 ÷ 400 = 50. ವರ್ಗಮೂಲ 7.07.

ಅಂದ್ರೆ ರೆಸೊನೆನ್ಸ್ ಸರಿಯಾಗಿ 7ನೇ ಹಾರ್ಮೋನಿಕ್ ಮೇಲೇ ಕೂತಿತು! ಉಯ್ಯಾಲೆಯನ್ನು ಸಮಯ ನೋಡಿ ತಳ್ಳಿದ ಹಾಗೆ, ಫರ್ನೇಸ್ ಸ್ವಲ್ಪವೇ ತಳ್ಳಿದರೂ ಕೆಪಾಸಿಟರಿನಲ್ಲಿ ಕರೆಂಟು ಹಲವು ಪಟ್ಟು ಏರ್ತದೆ. ಬಿಲ್ ಉಳಿಸ್ಲಿಕ್ಕೆ ತಂದದ್ದೇ ಬೆಂಕಿಗೆ ದಾರಿ.

ಪರಿಹಾರ ಎಂತ?

▪️ ಕೆಪಾಸಿಟರಿಗೆ ಸೀರೀಸ್‌ನಲ್ಲಿ 7% ರಿಯಾಕ್ಟರ್. ಟ್ಯೂನಿಂಗ್ 189 ಹರ್ಟ್ಸ್‌ಗೆ ಇಳೀತದೆ, 250ಕ್ಕಿಂತ ಕೆಳಗೆ. ಕೆಪಾಸಿಟರ್ ಬಚಾವ್. ಆದರೆ ಅದರ ಮೇಲಿನ ವೋಲ್ಟೇಜ್ ಸುಮಾರು 7.5% ಏರ್ತದೆ, ಹಾಗಾಗಿ ಹೆಚ್ಚಿನ ರೇಟಿಂಗಿನದ್ದೇ ಬೇಕು. ಹಾರ್ಮೋನಿಕ್ಸ್ ಮಾತ್ರ ಹೆಚ್ಚಿನಂಶ ಲೈನಿಗೇ ಹೋಗ್ತದೆ.

▪️ ಟ್ಯೂನ್ಡ್ ಫಿಲ್ಟರ್. 5ನೆಯದಕ್ಕೆ ಫರ್ನೇಸಿನ ಪಕ್ಕದಲ್ಲೇ ಸುಲಭದ ದಾರಿ ಮಾಡಿಕೊಡುವುದು. ಅದು ಹೊರಗೆ ಹೋಗದೆ ಅಲ್ಲೇ ಸುತ್ತುತ್ತದೆ.

▪️ ಆ್ಯಕ್ಟಿವ್ ಫಿಲ್ಟರ್. ಹಾರ್ಮೋನಿಕ್ ಕರೆಂಟನ್ನು ಅಳೆದು, ಅದಕ್ಕೆ ಸರೀ ಉಲ್ಟಾ ಕರೆಂಟ್ ಬಿಡ್ತದೆ. ಲೋಡ್ ಏರಿಳಿದರೂ ಹೊಂದಿಕೊಳ್ತದೆ. ಆದರೆ ದುಬಾರಿ.

▪️ ಹೊಸ ಫರ್ನೇಸ್ ತಗೊಳ್ಳುವುದಾದರೆ 12-ಪಲ್ಸ್. 5, 7 ಪರಸ್ಪರ ಬಹುಪಾಲು ರದ್ದಾಗ್ತವೆ.

"ನಮ್ಮ ಫರ್ನೇಸ್ ಓಡ್ತಾ ಉಂಟಲ್ಲ, ಫಿಲ್ಟರ್ ಯಾಕೆ?" ಅಂತ ಕೇಳುವವರಿಗೆ ಒಂದೇ ಉತ್ತರ: 11 ಕೆವಿ ಲೈನ್ ಕಾಂಪೌಂಡ್ ಗೋಡೆಗೆ ನಿಲ್ಲುವುದಿಲ್ಲ. 5ನೇ ಹಾರ್ಮೋನಿಕ್ ಮೋಟರಿನೊಳಗೆ ಉಲ್ಟಾ ತಿರುಗುವ ಫೀಲ್ಡ್ ಹುಟ್ಟಿಸ್ತದೆ. ಅದೇ ಫೀಡರಿನ ಐಸ್ ಪ್ಲಾಂಟಿನ ಮೋಟರ್ ಬಿಸಿಯಾದರೆ ರಿವೈಂಡಿಂಗ್ ದುಡ್ಡು ಕೊಡುವುದು ಮೀನಿಗೆ ಐಸ್ ಮಾಡುವವರು, ಫೌಂಡ್ರಿಯವರಲ್ಲ. ಅದಕ್ಕೇ ಐಇಇಇ 519 ಹೇಳುವುದು, 11 ಕೆವಿಯ ಸಂಪರ್ಕ ಬಿಂದುವಿನಲ್ಲಿ ವೋಲ್ಟೇಜಿನ ಒಟ್ಟು ವಿರೂಪ 5% ದಾಟಬಾರದು ಅಂತ. ಮತ್ತೆ, ಉಬ್ಬಿದ ಕೆಪಾಸಿಟರ್ ಒಡೆಯುವ ಹೊತ್ತಿಗೆ ಪ್ಯಾನೆಲ್ ಬಾಗಿಲು ತೆಗೆದು ನಿಂತಿರುವುದು ಓನರ್ ಅಲ್ಲ, ಹೆಲ್ಪರ್ ಹುಡುಗ.

ಮುಂದಿನ ಸಲ ಇಂಡಸ್ಟ್ರಿಯಲ್ ವಿಸಿಟಿಗೆ ಹೋದಾಗ ಸೆಲ್ಫಿ ಆದ ಮೇಲೆ ಮೂರು ಪ್ರಶ್ನೆ ಕೇಳಿ: ಎಷ್ಟು ಪಲ್ಸ್? ಕೆಪಾಸಿಟರಿಗೆ ರಿಯಾಕ್ಟರ್ ಉಂಟಾ? ಕಡೆಯ ಸಲ ಹಾರ್ಮೋನಿಕ್ಸ್ ಅಳೆದದ್ದು ಯಾವಾಗ?

ಉತ್ತರ ಸಿಕ್ಕಿದ್ರೆ ಕಮೆಂಟಲ್ಲಿ ಹಾಕಿ, ಆಯ್ತಾ? ವೈವಾಕ್ಕೂ ಆಗ್ತದೆ, ಸೇವ್ ಮಾಡಿಡಿ. ⚡

#ಕರೆಂಟ್‌ಕಥೆ #ಮಂಗಳೂರು #ಬೈಕಂಪಾಡಿ #ಹಾರ್ಮೋನಿಕ್ಸ್