ಬೆಳಕಿನ ಎಡಮುರಿ, ಬಲಮುರಿ

ಕೊಯಿಲದ ನಮ್ಮ ಹಿತ್ತಲಿನಲ್ಲಿ ಅಲಸಂಡೆ ಬಳ್ಳಿ ಕೋಲಿಗೆ ಸುತ್ತುವುದು ಒಂದೇ ದಿಕ್ಕಿಗೆ. ಬಿಡಿಸಿ ಎದುರು ದಿಕ್ಕಿಗೆ ಸುತ್ತಿಟ್ಟರೂ ಹೊಸ ಕುಡಿ ತನ್ನ ಹಳೆಯ ದಾರಿಯನ್ನೇ ಹಿಡಿಯುತ್ತದೆ. ಬಿಸಿಲು ಯಾವ ಕಡೆಯಿಂದ ಬಿದ್ದರೂ ಅದಕ್ಕೆ ಲೆಕ್ಕವಿಲ್ಲ. ಸುತ್ತಿನ ದಿಕ್ಕು ಬೀಜದಲ್ಲೇ ಬಂದಿರುತ್ತದೆ.

ಹಾಗಾಗಿ, ಪಾಲಿಮರ್ ಸರಪಳಿ ಯಾವ ಕಡೆಗೆ ಸುತ್ತಬೇಕೆಂಬುದನ್ನು ಬೆಳಕೇ ತೀರ್ಮಾನಿಸಬಲ್ಲದು ಎಂದು ರಸಾಯನಶಾಸ್ತ್ರದ ಓದಿನಲ್ಲಿ ತಿಳಿದಾಗ ನನಗೆ ಅಚ್ಚರಿಯಾಯಿತು. ನಮ್ಮ ಕಡೆ ಪಾಲಿಮರ್ ಎಂದರೆ ರಬ್ಬರು, ಇಲ್ಲವೇ ಅಂಗಳದ ಟರ್ಪಾಲು. ಬಿಸಿಲು ಅವನ್ನು ಪುಡಿಮಾಡುವುದನ್ನಷ್ಟೇ ನಾವು ಕಂಡವರು.

ಶಂಖದಲ್ಲಿ ಎಡಮುರಿ, ಬಲಮುರಿ ಇರುವಂತೆ ಅಣುಗಳಲ್ಲೂ ಇವೆ. ಒಂದು ಇನ್ನೊಂದರ ಕನ್ನಡಿ ಬಿಂಬ. ಎರಡು ಅಂಗೈಗಳಂತೆ ಒಂದರ ಮೇಲೊಂದು ಕೂರುವುದಿಲ್ಲ. 1848ರಲ್ಲಿ ಲೂಯಿ ಪಾಶ್ಚರ್ ಇಂಥ ಹರಳುಗಳನ್ನು ಕೈಯಿಂದಲೇ ಬೇರ್ಪಡಿಸಿದ್ದ. ಈ ಭೇದ ಸಣ್ಣದಲ್ಲ: ಔಷಧದ ಒಂದು ಅಣು ಗುಣಕೊಟ್ಟರೆ, ಅದರ ಜೋಡಿ ನಿಷ್ಪ್ರಯೋಜಕವಾಗಬಹುದು, ಅಪಾಯಕಾರಿಯೂ ಆಗಬಹುದು.

ಬೆಳಕಿಗೂ ಮುರಿ ಕೊಡಬಹುದು. ಅದರ ವಿದ್ಯುತ್ ಕ್ಷೇತ್ರ ಸ್ಕ್ರೂವಿನಂತೆ ತಿರುಗುತ್ತ ಮುಂದೆ ಸಾಗಿದರೆ ಅದು ವೃತ್ತೀಯ ಧ್ರುವೀಕೃತ ಬೆಳಕು. 1955ರಲ್ಲಿ, ಬೆಂಗಳೂರಿನ ರಾಮನ್ ಸಂಶೋಧನಾ ಸಂಸ್ಥೆಯ ತರುಣ ಎಸ್. ಪಂಚರತ್ನಂ, ಹಲವು ಬಣ್ಣಗಳ ಬೆಳಕಿಗೂ ಒಟ್ಟಿಗೆ ಈ ಮುರಿ ಕೊಡಬಲ್ಲ ಫಲಕಗಳ ಜೋಡಣೆಯನ್ನು ರೂಪಿಸಿದರು. ಆಗ ಅವರಿಗೆ ಇಪ್ಪತ್ತೊಂದರ ಆಸುಪಾಸು. 1969ರಲ್ಲಿ ತೀರಿಕೊಂಡರು.

ಡಯಾಸಿಟಿಲೀನ್ ಎಂಬ ಗುಂಪಿನ ಕೆಲವು ಅಣುಗಳಿಗೆ ಸ್ವತಃ ಎಡಬಲವಿಲ್ಲ. ಅವು ಬೆಳಕು ಬಿದ್ದಾಗ ಕೈಹಿಡಿದು ಸರಪಳಿಯಾಗುತ್ತವೆ. ಎಡಕ್ಕೆ ತಿರುಗುವ ಬೆಳಕು ಹಾಯಿಸಿದರೆ ಒಂದು ಬಗೆಯ ಸುರುಳಿ, ಬಲದ್ದಾದರೆ ಅದರ ಎದುರಿನದು. 2014ರಲ್ಲಿ ಚೀನಾದ ಸಂಶೋಧಕರು ಇದನ್ನು ಕಣ್ಣಿಗೆ ಕಾಣುವ ಬೆಳಕಿನಿಂದಲೇ ಸಾಧಿಸಿದರು. ದುಬಾರಿಯಾದ ಎಡಬಲದ ಕಚ್ಚಾವಸ್ತು ಬೇಕಾಗಲಿಲ್ಲ.

ನನ್ನನ್ನು ಹಿಡಿದು ನಿಲ್ಲಿಸಿದ್ದು ಆ ಬೆಳಕಿನ ಬಲಹೀನತೆ. ಎಡ ಮತ್ತು ಬಲ ಬೆಳಕನ್ನು ಅಣು ಹೀರುವುದರಲ್ಲಿ ವ್ಯತ್ಯಾಸ ಸಾಮಾನ್ಯವಾಗಿ ನೂರಕ್ಕೆ ಒಂದಕ್ಕಿಂತಲೂ ಕಡಿಮೆ. ಆದರೆ ಸರಪಳಿಯಲ್ಲಿ ಮೊದಲ ಕೊಂಡಿಗಳು ಯಾವ ಕಡೆ ವಾಲುತ್ತವೋ ಮುಂದಿನವೂ ಅದನ್ನೇ ಅನುಸರಿಸುತ್ತವೆ. ಒಂದಿಷ್ಟೇ ಪಕ್ಷಪಾತ, ಕೊನೆಗೆ ಇಡೀ ಸುರುಳಿ.

ನಮ್ಮ ದೇಹದ ಪ್ರೋಟೀನುಗಳು ಬಹುಮಟ್ಟಿಗೆ ಎಡ ಬಗೆಯ ಅಮೈನೋ ಆಮ್ಲಗಳಿಂದಲೇ ಆಗಿವೆ. ಬಾಹ್ಯಾಕಾಶದ ಇಂಥದೇ ತಿರುಗುವ ಬೆಳಕು ಆ ಮೊದಲ ವಾಲನ್ನು ಕೊಟ್ಟಿರಬಹುದೆಂಬ ಊಹೆಯಿದೆ. ಊಹೆ ಅಷ್ಟೆ. ಆದರೂ ಇದನ್ನು ಓದಿದ ಮೇಲೆ, ಬೆಳಕೆಂದರೆ ಇದ್ದುದನ್ನು ತೋರಿಸುವ ದೀಪ ಮಾತ್ರ ಎಂದುಕೊಳ್ಳಲು ನನಗೆ ಮನಸ್ಸು ಬರುವುದಿಲ್ಲ.